ಕಾರಿಲ್ಲದೆ ಆಲ್ಪ್ಸ್

ಸ್ವಿಟ್ಜರ್ಲೆಂಡಿನಲ್ಲಿ ಬೆಳಿಗ್ಗೆ ಹೊರಟು, ಕಾರಿಲ್ಲದೆ ಆಲ್ಪ್ಸ್ ಏರಿ, ಸಂಜೆ ಮರಳಬಹುದು. ಇದನ್ನು ಸಾಧ್ಯವಾಗಿಸಿರುವುದು ಅಲ್ಲಿನ ವೇಳಾಪಟ್ಟಿ. 1982ರಲ್ಲಿ ದೇಶವ್ಯಾಪಿಯಾಗಿ ರೈಲುಗಳು ಗಂಟೆಗಂಟೆಗೂ ಅದೇ ನಿಮಿಷಕ್ಕೆ ಹೊರಡುವ ಪದ್ಧತಿ ಬಂತು. 1987ರ ಜನಮತದಲ್ಲಿ ಒಪ್ಪಿಗೆ ಪಡೆದ 'ರೈಲು 2000' ಯೋಜನೆ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಮುಖ್ಯ ಜಂಕ್ಷನ್‌ಗಳಿಗೆ ನಾನಾ ದಿಕ್ಕಿನ ರೈಲುಗಳು ಹೆಚ್ಚುಕಡಿಮೆ ಒಟ್ಟಿಗೆ ಬಂದು, ಪ್ರಯಾಣಿಕರು ಬದಲಿಸಿಕೊಂಡ ಮೇಲೆ ಮತ್ತೆ ಚದುರುತ್ತವೆ. ಈ ಹೊಂದಾಣಿಕೆಗಾಗಿಯೇ ಹೊಸ ಹಳಿ ಹಾಕಿ, 2004ರಲ್ಲಿ ಜ್ಯೂರಿಕ್–ಬರ್ನ್ ಪ್ರಯಾಣವನ್ನು ಒಂದು ಗಂಟೆಯೊಳಗೆ ತರಲಾಯಿತು. ಮುಂದಿನ ರೈಲು ಕೈತಪ್ಪದಷ್ಟು ವೇಗ ಸಾಕು ಎಂಬ ಈ ವಿವೇಕ ಬಹಳ ದೊಡ್ಡದು.

ಬರ್ನ್‌ನಿಂದ ಮ್ಯೂರೆನ್ ಹಳ್ಳಿಗೆ ಹೋಗುವ ದಾರಿ ಇದಕ್ಕೆ ಒಳ್ಳೆಯ ಉದಾಹರಣೆ. ಇಂಟರ್‌ಲಾಕನ್‌ನಲ್ಲಿ ರೈಲು ಬದಲಿಸಿ ಲೌಟರ್‌ಬ್ರುನ್ನನ್. ಅಲ್ಲಿಂದ ಕೇಬಲ್ ಕಾರಿನಲ್ಲಿ ಗ್ರುಚ್‌ಆಲ್ಪ್. ಆಮೇಲೆ ಬಂಡೆಯಂಚಿನಲ್ಲಿ ಸಾಗುವ ಪುಟ್ಟ ರೈಲು. ಸುಮಾರು 1,640 ಮೀಟರ್ ಎತ್ತರದ ಈ ಹಳ್ಳಿಯಲ್ಲಿ ಕಾರುಗಳ ಸಂಚಾರವಿಲ್ಲ. ಎದುರಿಗೇ ಐಗರ್, ಮೋಂಖ್, ಯುಂಗ್‌ಫ್ರಾವ್ ಶಿಖರಗಳು.

ಪ್ರಯಾಣದ ಯೋಜನೆಯನ್ನು ಹಿಂದಿನಿಂದ ಹೆಣೆಯುವುದು ಲೇಸು: ಇಳಿಯುವ ಕೊನೆಯ ಕೇಬಲ್ ಕಾರು ಎಷ್ಟು ಹೊತ್ತಿಗೆ ಎಂಬುದು ಮೊದಲು ಗೊತ್ತಿರಬೇಕು. ವಸಂತದಲ್ಲೂ ಶರತ್ಕಾಲದ ಕೊನೆಯಲ್ಲೂ ಹಲವು ಕೇಬಲ್ ಕಾರುಗಳು ದುರಸ್ತಿಗಾಗಿ ನಿಲ್ಲುತ್ತವೆ. ಡಿಸೆಂಬರ್ ಮಧ್ಯದಲ್ಲಿ ವೇಳಾಪಟ್ಟಿಯೇ ಬದಲಾಗುತ್ತದೆ. ಹೊರಡುವ ಮುನ್ನ ಶಿಖರದ ಕ್ಯಾಮೆರಾ ಚಿತ್ರ ನೋಡಿದರೆ ಮೋಡದ ಸ್ಥಿತಿ ತಿಳಿಯುತ್ತದೆ. ಪ್ರವಾಸಿಗರ ಸ್ವಿಸ್ ಟ್ರಾವೆಲ್ ಪಾಸ್ ಮ್ಯೂರೆನ್‌ವರೆಗೂ ನಡೆಯುತ್ತದೆ. ಮೇಲಿನ ಶಿಲ್ಟ್‌ಹಾರ್ನ್ ಶಿಖರಕ್ಕೆ ಬೇರೆ ಟಿಕೆಟ್ ಬೇಕು, ಪಾಸ್ ಇದ್ದವರಿಗೆ ರಿಯಾಯಿತಿ ಉಂಟು.