ಗೆದ್ದೆತ್ತಿನ ಬಾಲ ಹಿಡಿಯುವ ಟೆನಿಸ್ ಭವಿಷ್ಯ

2024ರ ಆಗಸ್ಟ್ 29, ಗುರುವಾರ. ಆಫೀಸ್ ಕೆಲಸ ಮುಗಿಸಿ ರಾತ್ರಿ ಕೂತು ಯು.ಎಸ್. ಓಪನ್ ಎರಡನೇ ಸುತ್ತಿನ ಮುನ್ನೋಟ ಬರೆದು ಹಾಕಿದ್ದೆ. ಅದರಲ್ಲಿ ಒಂದು ಕಡೆ ಹೀಗಿತ್ತು: "ಅಲ್ಕರಾಜ್ – ವಾನ್ ಡಿ ಝಾಂಡ್‌ಸ್ಕಲ್ಪ್. ಅಲ್ಕರಾಜ್ ಗೆಲ್ಲುವ ಸಾಧ್ಯತೆ ನೂರಕ್ಕೆ 94. ಮೂರೇ ಸೆಟ್. ಇದಕ್ಕೋಸ್ಕರ ಅಲಾರಂ ಇಡಬೇಡಿ, ಮಲ್ಕೊಳ್ಳಿ."

ನಾನೂ ಅಲಾರಂ ಇಡಲಿಲ್ಲ. ಬೆಳಿಗ್ಗೆ ಆಫೀಸಿಗೆ ಹೊರಡೋ ಹೊತ್ತಲ್ಲಿ ಫೋನ್ ನೋಡಿದರೆ ಅಲ್ಕರಾಜ್ 1-6, 5-7, 4-6ರಲ್ಲಿ ಸೋತಿದ್ದ. ಅದೇ ವರ್ಷ ಫ್ರೆಂಚ್ ಓಪನ್ನೂ ವಿಂಬಲ್ಡನ್ನೂ ಗೆದ್ದ ಹುಡುಗ, 74ನೇ ರ್‍ಯಾಂಕಿನವನ ಎದುರು ಒಂದು ಸೆಟ್ಟನ್ನೂ ಗೆಲ್ಲಲಿಲ್ಲ.

ಆಟ ಅಂದ ಮೇಲೆ ಸೋಲು ಗೆಲುವು ಇದ್ದದ್ದೇ, ನನ್ನ ಲೆಕ್ಕ ತಪ್ಪೋದೂ ಇದ್ದದ್ದೇ. ಆದರೆ ಅವತ್ತು ಮಧ್ಯಾಹ್ನ ಊರಿಂದ ಚಿಕ್ಕಮ್ಮನ ಮಗ ಫೋನ್ ಮಾಡಿದ. ಯಾವುದೋ ಆಪ್‌ನಲ್ಲಿ ಅಲ್ಕರಾಜ್ ಮೇಲೆ ಇಪ್ಪತ್ತು ಸಾವಿರ ಕಟ್ಟಿದ್ದನಂತೆ. ಗೆದ್ದಿದ್ದರೆ ಬರುತ್ತಿದ್ದ ಲಾಭ ಸಾವಿರ ರೂಪಾಯಿಗೂ ಕಡಿಮೆ. ಅಡಿಕೆ ಸುಲಿಯೋ ಮಷಿನ್ ರಿಪೇರಿಗೆ ಅಂತ ಚಿಕ್ಕಪ್ಪ ಕೊಟ್ಟಿದ್ದ ದುಡ್ಡು ಅದು.

"ಅಣ್ಣಾ, ನೀನು 94 ಅಂದ್ಮೇಲೆ ಗ್ಯಾರಂಟಿ ಅಂತಾನೇ ಅಲ್ವಾ?"

94 ಅಂದ್ರೆ ನೂರರಲ್ಲಿ ಆರು ಸಲ ಸೋಲ್ತಾನೆ ಅಂತ ಕಣೋ, ಅಂತ ಹೇಳೋಕೆ ಬಾಯಿ ತೆರೆದೆ. ಮಾತು ಹೊರಡಲಿಲ್ಲ. ಗಣಿತ ಸರಿಯಾಗೇ ಇತ್ತು. ಆದರೆ "ಮಲ್ಕೊಳ್ಳಿ" ಅಂತ ಬರೆದವನು ನಾನೇ. ಅಂಕಿಯಲ್ಲಿ ಉಳಿಸಿದ್ದ ಆರನ್ನು ಆ ಒಂದು ಮಾತು ನುಂಗಿಬಿಟ್ಟಿತ್ತು. ಅವತ್ತಿನಿಂದ ಟೆನಿಸ್ ಮುನ್ನೋಟ ಅನ್ನೋ ಈ ಬರವಣಿಗೆಯ ಬಗ್ಗೆ ನನಗೆ ಒಂದಷ್ಟು ತಕರಾರು ಶುರುವಾಗಿದೆ. ನನ್ನ ಬರವಣಿಗೆಯೂ ಅದರಲ್ಲಿ ಸೇರಿದೆ ಅಂತ ಮೊದಲೇ ಹೇಳಿಬಿಡ್ತೀನಿ.

ಮುನ್ನೋಟಕ್ಕೆ ಒಂದು ಸಿದ್ಧ ಅಚ್ಚು ಇದೆ. ಇಬ್ಬರೂ ಎಷ್ಟು ಸಲ ಎದುರಾಗಿದ್ದಾರೆ, ಯಾರು ಎಷ್ಟು ಗೆದ್ದಿದ್ದಾರೆ, ರ್‍ಯಾಂಕಿಂಗ್ ಎಷ್ಟು, ಕಳೆದ ವಾರ ಏನಾಯ್ತು. ಕೊನೆಗೆ "ನನ್ನ ಆಯ್ಕೆ: ಇಂಥವರು, ನಾಲ್ಕು ಸೆಟ್". ಇಂಗ್ಲಿಷಲ್ಲಿ ಬರೆಯೋರೂ ಹೀಗೇ, ಟಿವಿಯಲ್ಲಿ ಕೂರೋ ಮಾಜಿ ಆಟಗಾರರೂ ಹೀಗೇ. ನಮ್ಮೂರ ಕಡೆ ಇದಕ್ಕೆ ಗೆದ್ದೆತ್ತಿನ ಬಾಲ ಹಿಡಿಯೋದು ಅಂತಾರೆ. ತಮಾಷೆ ಏನಂದ್ರೆ, ಈ ಬಾಲ ಹಿಡಿದವರಿಗೆ ಹೆಚ್ಚಿನ ಸಲ ಮೋಸ ಆಗಲ್ಲ. ಟೆನಿಸ್‌ನಲ್ಲಿ ಕಣ್ಣು ಮುಚ್ಚಿ ಮೇಲಿನ ರ್‍ಯಾಂಕಿನವನ ಹೆಸರು ಬರೆದರೂ ಬಹಳಷ್ಟು ಪಂದ್ಯ ಸರಿಹೋಗುತ್ತೆ. ಹಾಗಾಗಿ ಬರೆಯೋನ ಬಂಡವಾಳ ಬಯಲಾಗೋದೇ ಇಲ್ಲ. ಇನ್ನೊಂದು ಜಾತಿಯವರು ಇದ್ದಾರೆ. "ಸರ್ವ್ ಚೆನ್ನಾಗಿ ಬಿದ್ದರೆ ಇವನು ಗೆಲ್ಲಬಹುದು, ಇಲ್ಲದಿದ್ದರೆ ಕಷ್ಟ" ಅಂತ ಅಡ್ಡಗೋಡೆ ಮೇಲೆ ದೀಪ ಇಟ್ಟು ಹೋಗ್ತಾರೆ. ಅವರನ್ನಂತೂ ಹಿಡಿಯೋದಕ್ಕೇ ಆಗಲ್ಲ.

ಈ ಅಚ್ಚಿನಲ್ಲಿ ಅತಿ ಹೆಚ್ಚು ಮೋಸ ಮಾಡೋದು ಮುಖಾಮುಖಿ ಲೆಕ್ಕ. ಫೆಡರರ್ – ನಡಾಲ್ 40 ಸಲ ಆಡಿದರು, ನಡಾಲ್ 24, ಫೆಡರರ್ 16. ಇದನ್ನೇ ಅಂಗಣದ ಪ್ರಕಾರ ವಿಂಗಡಿಸಿ ನೋಡಿ. ಮಣ್ಣಿನಲ್ಲಿ ನಡಾಲ್ 14-2. ಮಣ್ಣು ಬಿಟ್ಟರೆ ಫೆಡರರ್ 14-10. ಒಂದೇ ಟೇಬಲ್, ಗ್ರೂಪ್ ಬೈ ಹಾಕಿದ ತಕ್ಷಣ ಕಥೆ ಉಲ್ಟಾ. ಅದರ ಒಳಗೆ ಇನ್ನೊಂದು ಸೂಕ್ಷ್ಮ ಇದೆ. ಫೆಡರರ್ ಮಣ್ಣಿನಲ್ಲೂ ಫೈನಲ್ ತನಕ ಬರ್ತಿದ್ದ, ಅಲ್ಲಿ ನಡಾಲ್ ಕಾಯ್ತಿದ್ದ. ಶುರುವಿನ ವರ್ಷಗಳಲ್ಲಿ ಹಾರ್ಡ್ ಕೋರ್ಟಿನಲ್ಲಿ ನಡಾಲ್ ಅಷ್ಟು ದೂರ ಬರ್ತಿರಲಿಲ್ಲ. ಮಣ್ಣಿನಲ್ಲಿ ಚೆನ್ನಾಗಿ ಆಡಿದ್ದಕ್ಕೇ ಫೆಡರರ್ ಲೆಕ್ಕ ಕೆಟ್ಟಿತು! ಇಷ್ಟನ್ನು ಹೇಳದೆ ಬರೀ "24-16" ಅಂತ ಬರೆಯೋದು ಲಾಗ್ ಓದದೆ ಬಗ್ ಕ್ಲೋಸ್ ಮಾಡಿದ ಹಾಗೆ.

ರ್‍ಯಾಂಕಿಂಗ್ ಕಥೆಯೂ ಅಷ್ಟೇ. ಅದು ಹಿಂದಿನ 52 ವಾರಗಳಲ್ಲಿ ಗಳಿಸಿದ ಅಂಕಗಳ ಮೊತ್ತ. ಗಾಯ ಆಗಿ ಆರು ತಿಂಗಳು ಮನೆಯಲ್ಲಿ ಕೂತವನು ಕೆಳಗೆ ಹೋಗ್ತಾನೆ, ಆಟ ಮರೆತು ಹೋಗಿರಲ್ಲ.

ಹಾಗಾದ್ರೆ ಕಂಪ್ಯೂಟರ್ ಲೆಕ್ಕ ಹಾಕಿದ್ರೆ ಸರಿಹೋಗುತ್ತಾ? ನಾನು ಹಾಕ್ತಿದ್ದದ್ದು ಅದನ್ನೇ. ಚೆಸ್ ಆಟಕ್ಕೆ ಅಂತ ಅರ್ಪಾಡ್ ಎಲೋ ಅನ್ನೋ ಭೌತಶಾಸ್ತ್ರದ ಪ್ರೊಫೆಸರ್ ರೂಪಿಸಿದ ರೇಟಿಂಗ್ ಪದ್ಧತಿ ಇದೆ. ಇಬ್ಬರ ನಡುವೆ 100 ಅಂಕ ವ್ಯತ್ಯಾಸ ಇದ್ದರೆ ಮೇಲಿನವನು ಗೆಲ್ಲುವ ಸಾಧ್ಯತೆ ನೂರಕ್ಕೆ 64, 200 ಇದ್ದರೆ 76, 400 ಇದ್ದರೆ 91. ಯಾರನ್ನು ಸೋಲಿಸಿದೆ ಅನ್ನೋದರ ಮೇಲೆ ಅಂಕ ಏರುತ್ತೆ, ಇಳಿಯುತ್ತೆ. ರ್‍ಯಾಂಕಿಂಗ್‌ಗಿಂತ ಇದು ಎಷ್ಟೋ ವಾಸಿ. ಆದರೆ ಇದೂ ನಿನ್ನೆ ತನಕದ ಲೆಕ್ಕವೇ.

ಟೆನಿಸ್‌ನಲ್ಲಿ ನಿನ್ನೆಗೂ ಇವತ್ತಿಗೂ ಎಷ್ಟು ವ್ಯತ್ಯಾಸ ಆದರೆ ಸಾಕು ಅಂತ ಒಂದು ಭಾನುವಾರ ಕೂತು ಲೆಕ್ಕ ಹಾಕಿದೆ. ಸುಲಭಕ್ಕೆ, ಯಾರು ಸರ್ವ್ ಮಾಡಿದರೂ ಒಬ್ಬ ಆಟಗಾರ ನೂರಕ್ಕೆ 55 ಪಾಯಿಂಟ್ ಗೆಲ್ತಾನೆ ಅಂದುಕೊಳ್ಳಿ. ಆಗ ಅವನು ಒಂದು ಗೇಮ್ ಗೆಲ್ಲೋ ಸಾಧ್ಯತೆ 62 ಆಗುತ್ತೆ, ಸೆಟ್ ಗೆಲ್ಲೋದು 81ರ ಹತ್ತಿರ, ಐದು ಸೆಟ್‌ಗಳ ಪಂದ್ಯ ಗೆಲ್ಲೋದು 95. ಪಾಯಿಂಟಿನಿಂದ ಪಂದ್ಯಕ್ಕೆ ಹೋಗ್ತಾ ಸಣ್ಣ ಮೇಲುಗೈ ಬೆಟ್ಟ ಆಗುತ್ತೆ. ಅದಕ್ಕೇ ದೊಡ್ಡವರು ಅಷ್ಟೊಂದು ಗೆಲ್ಲೋದು. ಈಗ 55ನ್ನು 52 ಮಾಡಿ. ಪಂದ್ಯ ಗೆಲ್ಲೋ ಸಾಧ್ಯತೆ 95ರಿಂದ 75ಕ್ಕೆ ಬೀಳುತ್ತೆ. ನೂರು ಪಾಯಿಂಟಿನಲ್ಲಿ ಬರೀ ಮೂರು! ಸ್ವಲ್ಪ ಬೆನ್ನು ಹಿಡಿದುಕೊಂಡಿದೆ, ರಾತ್ರಿ ಸರಿ ನಿದ್ದೆ ಬಂದಿಲ್ಲ, ಗಾಳಿ ಬೀಸ್ತಿದೆ, ಎದುರಿನವನ ಬ್ಯಾಕ್‌ಹ್ಯಾಂಡ್ ಇವತ್ತು ಕೂತಿದೆ – ಇಷ್ಟು ಸಾಕು ಮೂರು ಪಾಯಿಂಟ್ ಹೋಗೋಕೆ. "ಅಲಾರಂ ಇಡಬೇಡಿ" ಅನ್ನೋ ಪಂದ್ಯಕ್ಕೂ "ಬಿಟ್ಟು ಕೊಡಬೇಡಿ, ನೋಡಿ" ಅನ್ನೋ ಪಂದ್ಯಕ್ಕೂ ಇರೋ ಅಂತರ ಇಷ್ಟೇ.

ಹೆಚ್ಚು ಪಾಯಿಂಟ್ ಗೆದ್ದವನೇ ಪಂದ್ಯ ಗೆಲ್ತಾನೆ ಅನ್ನೋ ನಂಬಿಕೆಯೂ ಇಲ್ಲ. 2019ರ ವಿಂಬಲ್ಡನ್ ಫೈನಲ್‌ನಲ್ಲಿ ಫೆಡರರ್ 218 ಪಾಯಿಂಟ್ ಗೆದ್ದ, ಜೊಕೊವಿಚ್ 204. ಐದನೇ ಸೆಟ್‌ನಲ್ಲಿ 8-7, 40-15, ಫೆಡರರ್ ಕೈಯಲ್ಲಿ ಸರ್ವ್, ಎರಡು ಮ್ಯಾಚ್ ಪಾಯಿಂಟ್. ಕಪ್ ಎತ್ತಿದ್ದು ಜೊಕೊವಿಚ್. ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು ಅಂತಾರಲ್ಲ, ಹಾಗೆ.

ಈ ಲೆಕ್ಕ ಹಾಕಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ಮುನ್ನೋಟದ ಕೆಲಸ ಯಾರು ಗೆಲ್ತಾರೆ ಅಂತ ಹೇಳೋದಲ್ಲ. ಅದು ಹೇಗಿದ್ರೂ ಎಲ್ಲರಿಗೂ ಗೊತ್ತಿರುತ್ತೆ. ಆ ಮೂರು ಪಾಯಿಂಟ್ ಎಲ್ಲಿಂದ ಬರಬಹುದು ಅಂತ ತೋರಿಸಬೇಕು. ಸೋಲ್ತಾನೆ ಅಂತ ನಾವು ಬದಿಗಿಟ್ಟವನಿಗೆ ಗೆಲ್ಲೋ ದಾರಿ ಯಾವುದು, ಆ ದಾರಿ ತೆರೆದಿದೆ ಅಂತ ನೋಡುಗನಿಗೆ ಹೇಗೆ ಗೊತ್ತಾಗಬೇಕು, ಇದನ್ನು ಹೇಳಬೇಕು.

2009ರ ಫ್ರೆಂಚ್ ಓಪನ್ ತಗೊಳ್ಳಿ. ಮೇ 31, ನಾಲ್ಕನೇ ಸುತ್ತು, ನಡಾಲ್ – ಸೋಡರ್ಲಿಂಗ್. ಅಲ್ಲಿ ಆಡಿದ 31 ಪಂದ್ಯಗಳನ್ನೂ ನಡಾಲ್ ಗೆದ್ದಿದ್ದ. ಅದೇ ವರ್ಷ ರೋಮ್‌ನ ಮಣ್ಣಿನಲ್ಲಿ ಇದೇ ಸೋಡರ್ಲಿಂಗ್‌ನನ್ನು 6-1, 6-0ಯಲ್ಲಿ ಒಗೆದು ಒಣಹಾಕಿದ್ದ. ನಾನಾಗ ಬಿ.ಇ. ಓದ್ತಿದ್ದೆ, ಹಾಸ್ಟೆಲ್ ಟಿವಿ ರೂಮಲ್ಲಿ ಆ ಪಂದ್ಯಕ್ಕೆ ಕೂತವರು ಮೂರೇ ಜನ. ಸೋಡರ್ಲಿಂಗ್ 6-2, 6-7, 6-4, 7-6ರಲ್ಲಿ ಗೆದ್ದ. ಮುಗಿಯೋ ಹೊತ್ತಿಗೆ ರೂಮಲ್ಲಿ ನಿಲ್ಲೋಕೂ ಜಾಗ ಇರಲಿಲ್ಲ.

ದಾರಿ ಇತ್ತಾ? ಇತ್ತು. 2007ರ ವಿಂಬಲ್ಡನ್‌ನಲ್ಲಿ ಮಳೆಯಿಂದ ದಿನಗಟ್ಟಲೆ ಎಳೆದಾಡಿದ ಪಂದ್ಯದಲ್ಲಿ ಸೋಡರ್ಲಿಂಗ್ ನಡಾಲ್‌ನನ್ನು ಐದನೇ ಸೆಟ್‌ನ 7-5ರ ತನಕ ಎಳೆದಿದ್ದ. ಆರಡಿ ನಾಲ್ಕಿಂಚು ಎತ್ತರ, ಎರಡು ಕೈಯ ಬ್ಯಾಕ್‌ಹ್ಯಾಂಡ್. ನಡಾಲ್‌ನ ಟಾಪ್‌ಸ್ಪಿನ್ ಚೆಂಡು ಮಣ್ಣಿನಲ್ಲಿ ಪುಟಿದು ಬೇರೆಯವರ ಭುಜದ ಮೇಲೆ ಹೋದರೆ, ಇವನಿಗೆ ಅದು ಹೊಡೆಯೋಕೆ ಹೇಳಿ ಮಾಡಿಸಿದ ಎತ್ತರ. ಅಲ್ಲಿಂದ ಚಪ್ಪಟೆಯಾಗಿ ಬೀಸ್ತಿದ್ದ. ಜೊತೆಗೆ ಹೊಸ ಕೋಚ್ ಮ್ಯಾಗ್ನಸ್ ನಾರ್ಮನ್, 2000ದಲ್ಲಿ ಇದೇ ಪ್ಯಾರಿಸ್‌ನಲ್ಲಿ ಫೈನಲ್ ಆಡಿದ್ದವನು.

ಈ ನಾರ್ಮನ್ ಹೆಸರು ನೆನಪಿಟ್ಟುಕೊಳ್ಳಿ. 2014ರ ಆಸ್ಟ್ರೇಲಿಯನ್ ಓಪನ್ ಫೈನಲ್, ನಡಾಲ್ – ವಾವ್ರಿಂಕಾ. ಮುಖಾಮುಖಿ 12-0, ವಾವ್ರಿಂಕಾ ಆ ಹನ್ನೆರಡು ಪಂದ್ಯಗಳಲ್ಲಿ ಒಂದು ಸೆಟ್ಟನ್ನೂ ಗೆದ್ದಿರಲಿಲ್ಲ. ಆದರೆ ಹಿಂದಿನ ವರ್ಷ ಅವನೂ ನಾರ್ಮನ್ ಹತ್ತಿರ ಹೋಗಿದ್ದ. ಅದೇ ಟೂರ್ನಿಯ ಕ್ವಾರ್ಟರ್ ಫೈನಲ್‌ನಲ್ಲಿ ಜೊಕೊವಿಚ್‌ನನ್ನು ಐದನೇ ಸೆಟ್‌ನಲ್ಲಿ 9-7ರಿಂದ ಕೆಡವಿ ಬಂದಿದ್ದ. ಫೈನಲ್‌ನಲ್ಲಿ ನಡಾಲ್‌ಗೆ ಬೆನ್ನು ನೋವು ಬಂತು, ನಿಜ. ಆದರೆ ಅದಕ್ಕೂ ಮೊದಲೇ ಮೊದಲ ಸೆಟ್ ವಾವ್ರಿಂಕಾ ಕೈಯಲ್ಲಿತ್ತು. 12-0 ಅನ್ನೋದು ಹಳೆಯ ವಾವ್ರಿಂಕಾನ ಜಾತಕ. ಆಡ್ತಿದ್ದವನು ಬೇರೆಯವನು.

ಇದೆಲ್ಲ ಆದ ಮೇಲೆ ಹೇಳೋದು ಸುಲಭ ಅಂತ ನೀವು ಕೇಳಬಹುದು. ಖಂಡಿತ ಸುಲಭ. ರೋಮ್‌ನ 6-1, 6-0ಯನ್ನು ಪಕ್ಕಕ್ಕಿಟ್ಟು ಸೋಡರ್ಲಿಂಗ್ ಗೆಲ್ತಾನೆ ಅಂತ ಅವತ್ತು ಯಾರಾದ್ರೂ ಬರೆದಿದ್ರೆ ಅವರನ್ನು ಹುಚ್ಚರು ಅಂತಲೇ ನಾನೂ ಅಂತಿದ್ದೆ. ನಾನು ಕೇಳ್ತಿರೋದು ಅದನ್ನಲ್ಲ. "ನಡಾಲ್ ಗೆಲ್ಲಬೇಕು. ಆದರೆ ಮೊದಲ ನಾಲ್ಕು ಗೇಮ್‌ನಲ್ಲಿ ಸೋಡರ್ಲಿಂಗ್ ಭುಜದ ಎತ್ತರದ ಚೆಂಡನ್ನು ಹಿಂದೆ ಸರಿಯದೆ ಹೊಡೀತಿದ್ದರೆ ಸ್ವಲ್ಪ ನೆಟ್ಟಗೆ ಕೂತ್ಕೊಳ್ಳಿ" – ಇಷ್ಟು ಬರೆಯೋಕೆ ಕಣಿ ಹೇಳೋ ವಿದ್ಯೆ ಬೇಕಿಲ್ಲ.

ನಾನೂ ಅಲ್ಕರಾಜ್ ಬಗ್ಗೆ ಬರೆಯಬಹುದಿತ್ತು. ಜುಲೈನಲ್ಲಿ ವಿಂಬಲ್ಡನ್ ಹುಲ್ಲು, ಅಲ್ಲಿಂದ ಒಲಿಂಪಿಕ್ಸ್‌ಗೆ ಪ್ಯಾರಿಸ್ ಮಣ್ಣು, ಅಲ್ಲಿ ಫೈನಲ್‌ನಲ್ಲಿ ಜೊಕೊವಿಚ್ ಎದುರು ಎರಡು ಟೈಬ್ರೇಕ್ ಸೋಲು, ಅಲ್ಲಿಂದ ಅಮೆರಿಕದ ಹಾರ್ಡ್ ಕೋರ್ಟ್. ಸಿನ್ಸಿನಾಟಿಯಲ್ಲಿ ಮೊದಲ ಪಂದ್ಯದಲ್ಲೇ ಮೊನ್‌ಫಿಸ್ ಎದುರು ಸೋತು, ರಾಕೆಟ್ ಬಡಿದು ಪುಡಿ ಮಾಡಿದ್ದ. ಇತ್ತ ವಾನ್ ಡಿ ಝಾಂಡ್‌ಸ್ಕಲ್ಪ್ 2021ರಲ್ಲಿ ಇದೇ ಯು.ಎಸ್. ಓಪನ್‌ನಲ್ಲಿ ಅರ್ಹತಾ ಸುತ್ತಿನಿಂದ ಬಂದು ಕ್ವಾರ್ಟರ್ ಫೈನಲ್ ತನಕ ಹೋದವನು, 2022ರಲ್ಲಿ 22ನೇ ರ್‍ಯಾಂಕ್ ಮುಟ್ಟಿದವನು. ಇಷ್ಟೂ ನನಗೆ ಗೊತ್ತಿತ್ತು. 94 ಅನ್ನೋ ಅಂಕಿ ಸಿಕ್ಕ ಮೇಲೆ ಬರೆಯೋಕೆ ಸೋಮಾರಿತನ.

ನಮ್ಮ ಕನ್ನಡ ಪತ್ರಿಕೆಗಳ ಕ್ರೀಡಾ ಪುಟದಲ್ಲಿ ಇಂಥದಕ್ಕೆಲ್ಲ ಒಂದೇ ಪದ: "ಆಘಾತ". ಅಲ್ಕರಾಜ್‌ಗೆ ಆಘಾತ. ಅದರ ಮರುದಿನ ಪೊಪಿರಿನ್ ಎದುರು ಸೋತ ಜೊಕೊವಿಚ್‌ಗೂ ಆಘಾತ. ಎರಡು ದಿನ ಮೊದಲು "ಸುಲಭ ಸವಾಲು" ಅಂತ ಬರೆದಿದ್ದರಿಂದಲೇ ಈಗ ಆಘಾತ ಆಗಿದ್ದು. ಗೆದ್ದವನು ಏನು ಆಡಿದ ಅನ್ನೋದು ಆ ಶೀರ್ಷಿಕೆಯಲ್ಲೂ ಇರಲ್ಲ, ಕೆಳಗಿನ ವರದಿಯಲ್ಲೂ ಬಹಳ ಸಲ ಇರಲ್ಲ.

ನನ್ನ ಕೊನೆಯ ತಕರಾರು ಲೆಕ್ಕ ಒಪ್ಪಿಸೋದರ ಬಗ್ಗೆ. ಹೋದ ವಾರ ಏನು ಹೇಳಿದ್ದೆ, ಎಷ್ಟು ತಪ್ಪಾಯ್ತು ಅಂತ ಹೇಳೋ ಮುನ್ನೋಟಗಾರರು ಬಹಳ ಕಡಿಮೆ. ಹವಾಮಾನದವರು ಈ ವಿಷಯದಲ್ಲಿ ಎಷ್ಟೋ ಮರ್ಯಾದಸ್ಥರು. 1950ರಲ್ಲೇ ಗ್ಲೆನ್ ಬ್ರಿಯರ್ ಅನ್ನೋ ಹವಾಮಾನ ತಜ್ಞ ಮುನ್ಸೂಚನೆಗೆ ಮಾರ್ಕ್ಸ್ ಹಾಕೋ ಸೂತ್ರ ಕೊಟ್ಟ. ನೂರಕ್ಕೆ 94 ಅಂದು ತಪ್ಪಿದವನಿಗೆ, 60 ಅಂದು ತಪ್ಪಿದವನಿಗಿಂತ ಜಾಸ್ತಿ ಬರೆ ಬೀಳುತ್ತೆ. ಟೆನಿಸ್‌ನಲ್ಲೂ ಜೆಫ್ ಸಾಕ್‌ಮನ್ ತರದವರು ಇದ್ದಾರೆ. ತನ್ನ ರೇಟಿಂಗ್, ಪಂದ್ಯಗಳ ಡೇಟಾ ಎಲ್ಲವನ್ನೂ ಯಾರು ಬೇಕಾದ್ರೂ ಪರೀಕ್ಷೆ ಮಾಡಲಿ ಅಂತ ಬಿಚ್ಚಿಟ್ಟಿದ್ದಾನೆ. ಒಂದೊಂದು ಪಾಯಿಂಟನ್ನೂ ಸ್ವಯಂಸೇವಕರ ಕೈಲಿ ಬರೆಸಿ ಜೋಡಿಸಿದ್ದಾನೆ. ಅವನ ಡೇಟಾ ಇಲ್ಲದಿದ್ರೆ ನನ್ನ ಪ್ರೋಗ್ರಾಮೂ ಇರ್ತಿರಲಿಲ್ಲ. ಆ ಡೇಟಾ ಇಟ್ಕೊಂಡು ನನ್ನ ಒಂದು ವರ್ಷದ ಭವಿಷ್ಯಕ್ಕೆ ನಾನೇ ಮಾರ್ಕ್ಸ್ ಹಾಕಿದೆ. 90ಕ್ಕಿಂತ ಮೇಲೆ ಅಂದಿದ್ದ ಪಂದ್ಯಗಳಲ್ಲಿ ಹತ್ತಕ್ಕೆ ಎಂಟರಷ್ಟೇ ಸರಿಯಾಗಿದ್ದವು. ಅಂದ್ರೆ ಆ 94 ಕೂಡ ನಿಜವಾದ 94 ಆಗಿರಲಿಲ್ಲ. ಅದನ್ನು ಚಿಕ್ಕಮ್ಮನ ಮಗನಿಗೆ ಹೇಳಿದೆ. ದುಡ್ಡಿನಲ್ಲಿ ಅರ್ಧ ನಾನು ಕೊಟ್ಟೆ, ಇನ್ನರ್ಧದ ವಿಷಯ ಅವನೇ ಚಿಕ್ಕಪ್ಪನ ಹತ್ತಿರ ಹೇಳ್ಕೊಂಡ. ಬೈಸ್ಕೊಂಡ.

ಅಡಿಕೆ ಅಂಗಳದಲ್ಲಿ ಒಣಗ್ತಿರೋವಾಗ ಮೋಡ ಆದರೆ, ಮಳೆ ಬರುತ್ತಾ ಅಂತ ಅಪ್ಪನ್ನ ಕೇಳಿದ್ರೆ ಅವರು ಯಾವತ್ತೂ ಹೌದು, ಇಲ್ಲ ಅಂದಿದ್ದಿಲ್ಲ. "ಗುಡ್ಡದ ಆ ಕಡೆ ಕಪ್ಪಾಯ್ತು ಅಂದ್ರೆ ಎತ್ತಿ ಬಿಡಿ, ಅಲ್ಲಿ ತನಕ ಇರ್ಲಿ" ಅಂತಿದ್ರು. ನಾವು ಮಕ್ಕಳು ಗುಡ್ಡ ನೋಡ್ತಾ ಕೂರ್ತಿದ್ವಿ. ಈಗ ಮುನ್ನೋಟ ಬರೆಯೋವಾಗ ನನಗೆ ಅಷ್ಟು ಬಂದರೆ ಸಾಕು ಅನ್ನಿಸುತ್ತೆ.

2025ರ ಜೂನ್ 8ರಂದು ಫ್ರೆಂಚ್ ಓಪನ್ ಫೈನಲ್ ದಿನ ನಾನು ಊರಲ್ಲಿದ್ದೆ. ಚಿಕ್ಕಮ್ಮನ ಮಗನೂ ಬಂದಿದ್ದ. ಸಿನ್ನರ್ 2-1 ಸೆಟ್‌ಗಳಿಂದ ಮುಂದೆ, ನಾಲ್ಕನೇ ಸೆಟ್‌ನಲ್ಲಿ 5-3, ಅಲ್ಕರಾಜ್ ಸರ್ವ್‌ನಲ್ಲಿ 0-40. ಮೂರು ಚಾಂಪಿಯನ್‌ಶಿಪ್ ಪಾಯಿಂಟ್. "ಅಣ್ಣಾ, ಈಗ ಎಷ್ಟು ಪರ್ಸೆಂಟ್?" ಅಂದ. ಲ್ಯಾಪ್‌ಟಾಪ್ ಒಳಗಿನ ಕೋಣೆಯಲ್ಲಿತ್ತು. ಎದ್ದು ಹೋಗಿ ತರಲಿಲ್ಲ. "ಸೆಕೆಂಡ್ ಸರ್ವ್ ಬಂದಾಗ ಸಿನ್ನರ್ ಎಲ್ಲಿ ನಿಲ್ತಾನೆ ನೋಡು" ಅಂದೆ. ಇಬ್ಬರೂ ನೋಡಿದ್ವಿ. ಅಲ್ಕರಾಜ್ ಗೆದ್ದು ಮುಗಿಯೋ ಹೊತ್ತಿಗೆ ಮಧ್ಯರಾತ್ರಿ ಆಗಿತ್ತು, ಚಿಕ್ಕಮ್ಮ ಊಟಕ್ಕೆ ಎರಡು ಸಲ ಕರೆದು ಮಲಗಿಬಿಟ್ಟಿದ್ದರು.