ಕ್ರೌನ್ ಸೌಂಡ್

ಹಳೆಯ ಜೀಪು ಸಾಕಿದವರು ಗ್ಯಾರೇಜಿನಲ್ಲಿ ಕೇಳುವ ಮಾತುಗಳಲ್ಲಿ ತೀರಾ ದುಬಾರಿಯದು ಇದು: ‘ಕ್ರೌನ್ ಸೌಂಡ್ ಸಾರ್, ಹೌಸಿಂಗ್ ಬಿಚ್ಚಬೇಕು.’ ಬಿಚ್ಚಲು ಒಪ್ಪುವ ಮೊದಲು ಒಂದು ದಿನ ತಡೆಯಿರಿ. ಕೂಗು ಎಷ್ಟು ಜೋರು ಎನ್ನುವುದಕ್ಕಿಂತ ಅದು ಯಾವಾಗ ಏಳುತ್ತದೆ, ಯಾವಾಗ ಅಡಗುತ್ತದೆ ಎನ್ನುವುದೇ ಕಾಯಿಲೆಯ ಗುರುತು. ಗಾಡಿಯನ್ನು ಜಾಕ್ ಮೇಲೆ ನಿಲ್ಲಿಸಿದರೆ ಅದು ಪೂರ್ತಿ ಸಿಗುವುದಿಲ್ಲ, ಭಾರ ಬೀಳುವ ರಸ್ತೆಯಲ್ಲೇ ಸಿಗಬೇಕು.

ಮೊದಲು ಗೇರ್‌ಬಾಕ್ಸಿನ ಅನುಮಾನ ತೀರಲಿ. ಅದೇ ವೇಗದಲ್ಲಿ ಗೇರ್ ಬದಲಿಸಿ ನೋಡಿ. ಎಂಜಿನ್ ದನಿ ಏರಿಳಿದರೂ ಕೂಗು ಕದಲದಿದ್ದರೆ ಮೂಲ ಇನ್ನೂ ಹಿಂದಿದೆ. ಟ್ರಾನ್ಸ್‌ಫರ್ ಕೇಸ್ ಕೂಡ ಚಕ್ರದ ವೇಗಕ್ಕೇ ಹಾಡುವುದರಿಂದ ಅದರ ಲಿವರ್ ಮೇಲೊಮ್ಮೆ ಅಂಗೈ ಇಡಿ, ನಡುಕ ಅಲ್ಲಿದ್ದರೆ ಗೊತ್ತಾಗುತ್ತದೆ. ಕಿವಿ ಚುರುಕಾದ ಒಬ್ಬರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಳ್ಳಿ.

ವಿಲ್ಲಿಸ್ ಕಾಲದ 5.38 ಅನುಪಾತದ ಹೌಸಿಂಗ್‌ನಲ್ಲಿ ಕ್ರೌನಿಗೆ 43 ಹಲ್ಲು, ಪಿನಿಯನ್‌ಗೆ 8. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹಲ್ಲಿಗೆ ಹಲ್ಲು ಸೆಕೆಂಡಿಗೆ ಸುಮಾರು 260 ಬಾರಿ ಸೇರುತ್ತದೆ. ಹಾರ್ಮೋನಿಯಂ ನುಡಿಸುವವರ ‘ಬಿಳಿ ಒಂದು’ ಹೆಚ್ಚುಕಡಿಮೆ ಅಲ್ಲೇ ಇದೆ. ಹಾಗಾಗಿ ಹಲ್ಲಿನ ಕೂಗಿಗೆ ಸ್ವರವಿರುತ್ತದೆ, ವೇಗದ ಜೊತೆ ಅದು ಜಾರಿಕೊಂಡು ಮೇಲೇರುತ್ತದೆ. ಸವೆದ ಚಕ್ರದ ಬೇರಿಂಗ್‌ಗೆ ಇಂಥ ಸ್ವರವಿಲ್ಲ, ಅದು ಗೊರಗೊರ ಎನ್ನುತ್ತದೆ.

ಇನ್ನು ಪರೀಕ್ಷೆಗೆ ನಮ್ಮ ಶಿರಾಡಿ ಘಾಟಿಗಿಂತ ಒಳ್ಳೆಯ ಜಾಗ ಬೇಕಿಲ್ಲ. ಗುಂಡ್ಯದಿಂದ ಸಕಲೇಶಪುರದ ಕಡೆ ಹತ್ತುವಾಗ ಎಂಜಿನ್ ಚಕ್ರವನ್ನು ಎಳೆಯುತ್ತದೆ, ಕ್ರೌನ್ ಹಲ್ಲಿನ ಒಂದು ಮೈ ಮಾತ್ರ ದುಡಿಯುತ್ತದೆ. ಆಗಷ್ಟೇ ಕೂಗಿದರೆ ಆ ಮೈ ಸವೆದಿದೆ ಅಥವಾ ಹಲ್ಲು ಕೂತ ಜಾಗ ತಪ್ಪಿದೆ. ಅದೇ ದಾರಿಯಲ್ಲಿ ಕಾಲೆತ್ತಿ ಗೇರ್‌ನಲ್ಲೇ ಇಳಿಯುವಾಗ ಚಕ್ರ ಎಂಜಿನ್ನನ್ನು ದೂಡುತ್ತದೆ, ಹಲ್ಲಿನ ಇನ್ನೊಂದು ಮೈಗೆ ಕೆಲಸ. ಕೂಗು ಇಳಿಯುವಾಗ ಮಾತ್ರ ಬಂದರೆ ನಾನು ಮೊದಲು ಪಿನಿಯನ್ ನಟ್ ಸಡಿಲವೇ, ಬೇರಿಂಗ್‌ನಲ್ಲಿ ಆಟವಿದೆಯೇ ಎಂದು ನೋಡಿಸುತ್ತೇನೆ. ತಿರುವಿನಲ್ಲಿ ದನಿ ಬದಲಾದರೆ ಚಕ್ರದ ಬೇರಿಂಗ್. ಎಡಕ್ಕೆ ತಿರುಗುವಾಗ ಜೋರಾದರೆ ಭಾರ ಬೀಳುವ ಬಲಗಡೆಯದು. ಕಾಂಕ್ರೀಟ್ ಮುಗಿದು ಡಾಂಬರು ಸಿಕ್ಕ ಕೂಡಲೇ ಸದ್ದು ಇಳಿದರೆ ತಪ್ಪು ಟೈರಿನದು, ಹೌಸಿಂಗನ್ನು ಮುಟ್ಟಲೇಬೇಡಿ.

ಆಮೇಲೆ ಎಣ್ಣೆ. ಮಲೆನಾಡಿನ ಜೀಪುಗಳಿಗೆ ಹಳ್ಳ ದಾಟುವ ಕೆಲಸ ತಪ್ಪಿದ್ದಲ್ಲ. ಕಾದ ಹೌಸಿಂಗ್ ತಣ್ಣೀರಿಗಿಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಕೆಸರಿನಿಂದ ಕಟ್ಟಿದ್ದರೆ ಸೀಲ್ ಅಂಚಿನಿಂದ ನೀರು ಒಳಕ್ಕೆಳೆದುಕೊಳ್ಳುತ್ತದೆ. ಪ್ಲಗ್ ಬಿಚ್ಚಿ ಬೆರಳು ಹಾಕಿದರೆ ಎಣ್ಣೆ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿರುತ್ತದೆ. ಬೆರಳುಗಳ ನಡುವೆ ಉಜ್ಜಿ ನೋಡಿ: ನುಣ್ಣನೆಯ ಬೂದು ಹುಡಿ ಸವೆತ, ಅದಕ್ಕೆ ಹೆದರಬೇಕಿಲ್ಲ; ಚುಚ್ಚುವ ಚಕ್ಕೆ ಸಿಕ್ಕರೆ ಗಾಡಿ ಅಲ್ಲಿಂದ ಕದಲಬಾರದು. ಬರೀ 90 ನಂಬರ್ ಎಣ್ಣೆ ಎಂದು ಕೇಳಿದರೆ ಸಾಲದು, ಡಬ್ಬಿಯ ಮೇಲೆ ಜಿಎಲ್-5 ಎಂದಿರಬೇಕು. ಹೈಪಾಯ್ಡ್ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಜಾರುತ್ತವೆ, ಆ ಉಜ್ಜಾಟವನ್ನು ಸಾಧಾರಣ ಗೇರ್ ಎಣ್ಣೆ ತಡೆಯುವುದಿಲ್ಲ.

ಇಷ್ಟಾದ ಮೇಲೂ ಹಲ್ಲಿನದೇ ದೋಷ ಎಂದಾದರೆ ಪಿನಿಯನ್ ಒಂದನ್ನೇ ಬದಲಿಸುವ ಸಲಹೆಗೆ ಖಡಾಖಂಡಿತವಾಗಿ ಬೇಡ ಎನ್ನಿ. ಕ್ರೌನ್ ಮತ್ತು ಪಿನಿಯನ್ನನ್ನು ಕಾರ್ಖಾನೆಯಲ್ಲಿ ಜೊತೆಗೂಡಿಸಿ ಉಜ್ಜಿ ಹೊಂದಿಸಿರುತ್ತಾರೆ, ಎರಡರ ಮೇಲೂ ಒಂದೇ ಜೋಡಿ ಸಂಖ್ಯೆ ಕೊರೆದಿರುತ್ತದೆ. ಕೂರಿಸುವಾಗ ನೀವೂ ಎದುರಿಗಿರಿ. ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ, ಅಚ್ಚು ಹಲ್ಲಿನ ನಡುವೆ ಮೂಡುವವರೆಗೆ ಶಿಮ್ ಬದಲಿಸುವ ಮೇಸ್ತ್ರಿಗೆ ಕೇಳಿದಷ್ಟು ಕೂಲಿ ಕೊಡಿ.