ಕುದುರೆ ಲೆಕ್ಕ ಬಿಡಿ, ಎತ್ತಿನ ಲೆಕ್ಕ ಹಾಕಿ

ಆಫ್‌ರೋಡ್ ಗಾಡಿಗಳ ರಿವ್ಯೂ ಯಾವುದನ್ನೇ ನೋಡಿ, ಎರಡು ಅಂಕಿ ಗ್ಯಾರಂಟಿ. ಎಂಜಿನ್ ಎಷ್ಟು ಪವರ್ ಕೊಡುತ್ತೆ? ಮೈಲೇಜ್ ಎಷ್ಟು? ಆಫೀಸಿಗೆ ಓಡಾಡೋ ಹ್ಯಾಚ್‌ಬ್ಯಾಕಿಗೆ ಈ ಪ್ರಶ್ನೆಗಳು ಸರಿ. ಥಾರ್, ಜಿಮ್ನಿಗಳಿಗೂ ಇದೇ ಅಳತೆಗೋಲು ಹಿಡಿಯೋದು ಅಂದ್ರೆ, ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗಿ ಈ ಎತ್ತು ಗಂಟೆಗೆ ಎಷ್ಟು ಕಿಲೋಮೀಟರ್ ಓಡುತ್ತೆ ಅಂತ ಕೇಳಿದ ಹಾಗೆ.

ಮೊದಲು ಪವರ್. 2020ರ ಥಾರ್ ಪೆಟ್ರೋಲ್‌ನದು 2 ಲೀಟರ್ ಟರ್ಬೊ ಎಂಜಿನ್, 150 ಪಿಎಸ್. 2023ರಲ್ಲಿ ಬಂದ ಐದು ಬಾಗಿಲಿನ ಜಿಮ್ನಿಯದು ಟರ್ಬೊ ಇಲ್ಲದ 1.5 ಲೀಟರ್, 105 ಪಿಎಸ್. ಇಷ್ಟಕ್ಕೇ ಜಿಮ್ನಿ ‘ಅಂಡರ್‌ಪವರ್ಡ್’ ಅಂತ ತೀರ್ಪು ಕೊಟ್ಟುಬಿಡ್ತೀವಿ. ಆದರೆ ಥಾರ್ ತೂಕ ಸುಮಾರು ಒಂದೂಮುಕ್ಕಾಲು ಟನ್, ಜಿಮ್ನಿಯದು 1.2 ಟನ್. ಭಾಗಿಸಿ ನೋಡಿ: ಟನ್ನಿಗೆ ಎರಡೂ ಕೊಡೋದು ಹೆಚ್ಚುಕಮ್ಮಿ 86-87 ಪಿಎಸ್. ಸಮಬಲ!

ನಿಜವಾದ ವ್ಯತ್ಯಾಸ ಇರೋದು ಟಾರ್ಕ್‌ನಲ್ಲಿ, ಅಂದ್ರೆ ಚಕ್ರ ತಿರುಗಿಸೋ ಬಲದಲ್ಲಿ. ಮ್ಯಾನುಯಲ್ ಥಾರ್ ಪೆಟ್ರೋಲ್ 300 ನ್ಯೂಟನ್ ಮೀಟರ್ ಕೊಡುತ್ತೆ, ಅದೂ 1,250 ಆರ್‌ಪಿಎಂನಿಂದಲೇ. ಜಿಮ್ನಿಯ 134 ಸಿಗಬೇಕಾದ್ರೆ 4,000 ಆರ್‌ಪಿಎಂವರೆಗೆ ಕಾಯಬೇಕು. ಕೆಸರಲ್ಲಿ, ಬಂಡೆ ಮೇಲೆ ನಾವು ಹೋಗೋದು ನಡಿಗೆಯ ವೇಗದಲ್ಲಿ. ಅಲ್ಲಿ ಮೇಲಿನ ಆರ್‌ಪಿಎಂನ ಪವರ್ ಕೈಗೆ ಸಿಗಲ್ಲ, ಕೆಳಗಿನ ಟಾರ್ಕೇ ಗತಿ. ಮಂಡಲಪಟ್ಟಿ ಏರೋ ಹಳೇ ಡೀಸೆಲ್ ಜೀಪುಗಳನ್ನ ನೋಡಿದ್ರೆ ಗೊತ್ತಾಗುತ್ತೆ, ಇವತ್ತಿನ ಚಿಕ್ಕ ಹ್ಯಾಚ್‌ಬ್ಯಾಕಿಗಿಂತ ಕಮ್ಮಿ ಪವರ್ ಇಟ್ಕೊಂಡು ಜನ ತುಂಬ್ಕೊಂಡು ಹತ್ತುತ್ತವೆ.

ಹಾಗಾದ್ರೆ ಜಿಮ್ನಿ ಬೆಟ್ಟ ಹತ್ತಲ್ವಾ? ಹತ್ತುತ್ತೆ. ಅದಕ್ಕೂ ಲೋ-ರೇಂಜ್ ಗೇರ್ ಇದೆ. ಈ ಲಿವರ್ ಎಳೆದರೆ ಗಾಡಿಯ ವೇಗ ತಗ್ಗುತ್ತೆ, ಅದೇ ಲೆಕ್ಕದಲ್ಲಿ ಚಕ್ರದ ಬಲ ಹೆಚ್ಚುತ್ತೆ. ಜೊತೆಗೆ ಹಗುರ ಮೈ, ಕೆಸರಲ್ಲಿ ಹೂತುಕೊಳ್ಳೋದು ಕಮ್ಮಿ. ಜಿಮ್ನಿ ನಿಜಕ್ಕೂ ಒದ್ದಾಡೋದು ಹೈವೇಯಲ್ಲಿ. ಮ್ಯಾನುಯಲ್‌ನಲ್ಲಿ ಇರೋದೇ ಐದು ಗೇರ್, ಎಂಜಿನ್ ಕಿರುಚ್ತಾ ಇರುತ್ತೆ. ಅಂದ್ರೆ ಬೆಟ್ಟಕ್ಕೆ ಅಂತ ಮಾಡಿದ ಗಾಡಿಯನ್ನ ನಾವು ಬೈತಾ ಇರೋದು ಟಾರ್ ರೋಡಿನ ತಪ್ಪಿಗೆ.

ಇನ್ನು ಮೈಲೇಜ್. ಜಿಮ್ನಿ ಮ್ಯಾನುಯಲ್‌ಗೆ ಕಂಪನಿ ಹೇಳೋದು ಲೀಟರಿಗೆ 16.94 ಕಿ.ಮೀ. ದಶಮಾಂಶ ನೋಡಿದ್ರೇ ಭಕ್ತಿ ಬರಬೇಕು! ಇಂಥ ಅಂಕಿ ಬರೋದು ಲ್ಯಾಬಿನ ರೋಲರ್ ಮೇಲೆ. ಸುಮಾರು 20 ನಿಮಿಷದ ಪರೀಕ್ಷೆ, ಸರಾಸರಿ ವೇಗ ಗಂಟೆಗೆ 32 ಕಿ.ಮೀ. ಆಸುಪಾಸು, ಗರಿಷ್ಠ 90. ಅಲ್ಲಿ ಕೆಸರಿಲ್ಲ, ಏರಿಲ್ಲ, ಎದುರುಗಾಳಿಯೂ ಇಲ್ಲ. ಒಂದೇ ಕಡೆ ಅಳೆದ ಎರಡು ಗಾಡಿ ಹೋಲಿಸೋಕೆ ಇದು ಸರಿ, ಕಾಡುದಾರಿಯ ಖರ್ಚು ಹೇಳೋಕೆ ಅಲ್ಲ. ಉದಾಹರಣೆಗೆ, ಎಂಜಿನ್ ಗಂಟೆಗೆ 3 ಲೀಟರ್ ಕುಡಿಯುತ್ತೆ ಅಂದ್ಕೊಳ್ಳಿ. 45ರ ವೇಗದಲ್ಲಿ ಅದು ಲೀಟರಿಗೆ 15 ಕಿ.ಮೀ., ತೆವಳ್ತಾ 6ರಲ್ಲಿ ಹೋದ್ರೆ ಬರೀ 2. ಎಂಜಿನ್ ಅದೇ, ಪೆಟ್ರೋಲೂ ಅಷ್ಟೇ. ಟ್ರ್ಯಾಕ್ಟರ್, ಜೆಸಿಬಿ ಇಟ್ಟೋರಿಗೆ ಇದು ಗೊತ್ತು. ಅವರದು ಕಿಲೋಮೀಟರ್ ಲೆಕ್ಕ ಅಲ್ಲ, ಗಂಟೆ ಲೆಕ್ಕ.

ಆದರೆ ನಮ್ಮ ಜೇಬು ಖಾಲಿ ಆಗೋದು ಕಾಡಲ್ಲಲ್ಲ, ಔಟರ್ ರಿಂಗ್ ರೋಡಲ್ಲಿ. ಭಾರದ ಚಾಸಿ, ಮುಂದಿನ ಚಕ್ರಕ್ಕೂ ಡಿಫರೆನ್ಶಿಯಲ್, ದಪ್ಪ ಟೈರು: ಲಿವರ್ ಮುಟ್ಟದಿದ್ರೂ ಇವನ್ನೆಲ್ಲ ಪ್ರತಿ ಸಿಗ್ನಲ್‌ನಿಂದ ಎಳ್ಕೊಂಡೇ ಹೋಗಬೇಕು. ಗೋಡೆಯಂತೆ ನೆಟ್ಟಗಿರೋ ಮುಂಭಾಗ ಬೇರೆ. ವೇಗ 80ರಿಂದ 100ಕ್ಕೆ ಏರಿದ್ರೆ ಗಾಳಿಯ ತಡೆ ಒಂದೂವರೆ ಪಟ್ಟು ದಾಟುತ್ತೆ. ನಗರದಲ್ಲಿ 14 ಕೊಡೋ ಕಾರಿನ ಬದಲು 9 ಕೊಡೋ ಗಾಡಿ ತಗೊಂಡು ತಿಂಗಳಿಗೆ 1,000 ಕಿ.ಮೀ. ಓಡಿಸಿದ್ರೆ, ಹೆಚ್ಚುವರಿ ಸುಮಾರು 40 ಲೀಟರ್. ಲೀಟರಿಗೆ ನೂರು ರೂಪಾಯಿ ಅಂತ ಹಿಡಿದ್ರೂ ಐದು ವರ್ಷಕ್ಕೆ 2.4 ಲಕ್ಷ. ಇಎಂಐ ಬೇರೆ.

2023ರಲ್ಲಿ ಮಹೀಂದ್ರಾ ಬರೀ ಹಿಂದಿನ ಚಕ್ರಕ್ಕೆ ಬಲ ಹೋಗೋ ಥಾರ್ ತಂತು. ‘ಇದೂ ಒಂದು ಥಾರಾ?’ ಅಂತ ನಗೋದು ಸುಲಭ. ನನ್ನ ಕಣ್ಣಿಗೆ ಅದು ಪ್ರಾಮಾಣಿಕ ಗಾಡಿ. ತಗೊಳ್ಳೋರಿಗೆ ಬೇಕಿರೋದು ಥಾರ್‌ನ ಮುಖ ಅಂತ ಅದು ಒಪ್ಪಿಕೊಂಡಿದೆ.

ಶೋರೂಮಿಗೆ ಹೋದಾಗ ತೂಕ ಎಷ್ಟು, ಟಾರ್ಕ್ ಎಷ್ಟು ಆರ್‌ಪಿಎಂಗೆ ಬರುತ್ತೆ, ಲೋ-ರೇಂಜ್ ಅನುಪಾತ ಎಷ್ಟು ಅಂತ ಕೇಳಿ. ಆಮೇಲೆ ಆ ಲಿವರ್ ವರ್ಷಕ್ಕೆ ಎಷ್ಟು ದಿನ ಎಳೀತೀನಿ ಅಂತ ನಿಮ್ಮನ್ನೇ ಕೇಳ್ಕೊಳ್ಳಿ. ತೋಟ ಇದ್ರೆ, ಮಳೆಗಾಲದಲ್ಲಿ ಮನೆ ಸೇರೋಕೇ ಅದು ಬೇಕಿದ್ರೆ, ಕಣ್ಣುಮುಚ್ಚಿ ತಗೊಳ್ಳಿ. ಉತ್ತರ ಎರಡೋ ಮೂರೋ ದಿನ ಅಂತಾದ್ರೆ, ಆ ದಿನಗಳಿಗೆ ಮಂಡಲಪಟ್ಟಿಯ ಜೀಪಿನವರು ಇದ್ದಾರೆ. ದಾರಿಯೂ ಅವರಿಗೇ ಚೆನ್ನಾಗಿ ಗೊತ್ತು.